ಮಕ್ಕಳ ಹೆಸರಿನ ಆ್ಯಪ್: ನಕ್ಷತ್ರ ಸರಿಯಾಗಿದೆ, ಅತ್ತಿಮಬ್ಬೆ ಎಲ್ಲಿ?

ಮೊಮ್ಮಗಳ ತೊಟ್ಟಿಲಿಗೆ ಹೆಸರು ಹುಡುಕೋಕೆ ಅಂತ ಸೊಸೆ ನನ್ನ ಮೊಬೈಲಿಗೂ ಒಂದು ಆ್ಯಪ್ ಹಾಕಿಕೊಟ್ಟಳು. ಎಲ್ಲ ಕನ್ನಡದಲ್ಲೇ ಇದೆ, ಅಕ್ಷರ ದಪ್ಪಗಿವೆ. ನಕ್ಷತ್ರ, ಪಾದ ಒತ್ತಿದರೆ ಯಾವ ಅಕ್ಷರ ಅಂತ ಹೇಳುತ್ತದೆ. ಕೃತ್ತಿಕೆ ಒಂದನೇ ಪಾದಕ್ಕೆ ‘ಅ’ ಅಂತ ಸರಿಯಾಗಿಯೇ ತೋರಿಸಿತು.

ಆಮೇಲೆ ಬಂದ ಪಟ್ಟಿ ನೋಡಿ ಬೇಜಾರಾಯಿತು. ಅನ್ವಿ, ಅದ್ವಿಕಾ, ಅವನಿ, ಅನನ್ಯಾ. ಎಲ್ಲ ಒಂದೇ ಅಚ್ಚಿನವು. ನಾನೇ ‘ಅತ್ತಿಮಬ್ಬೆ’ ಅಂತ ಟೈಪ್ ಮಾಡಿದೆ. ‘ಹೆಸರು ಸಿಗಲಿಲ್ಲ’ ಅಂತ ಬಂತು. ಗದಗದವಳು ನಾನು, ಲಕ್ಕುಂಡಿ ಪಕ್ಕದಲ್ಲೇ ಇದೆ. ಅಲ್ಲಿನ ಬ್ರಹ್ಮ ಜಿನಾಲಯ ಆಕೆ ಕಟ್ಟಿಸಿದ್ದು, ಶಾಸನ 1007ರದು. ಹೇಗೆ ಸುಮ್ಮನಿರಲಿ?

ಅಬ್ಬೆ ಅಂದರೆ ತಾಯಿ. ಆ ಕಾಲದಲ್ಲಿ ಹಾಗೆ ಮುಗಿಯುವ ಹೆಸರುಗಳಿಗೆ ಬರ ಇರಲಿಲ್ಲ. ಆಕೆಯ ತಂಗಿ ಗುಂಡಮಬ್ಬೆ, ರನ್ನನ ತಾಯಿ ಅಬ್ಬಲಬ್ಬೆ. ಅಕ್ಕತಂಗಿಯರಿಬ್ಬರಿಗೂ ನಾಗದೇವನೇ ಗಂಡ. ಅವನು ತೀರಿಕೊಂಡಾಗ ತಂಗಿ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದಳು, ಮಗ ಅಣ್ಣಿಗದೇವನನ್ನು ಬೆಳೆಸಿದಳು. ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದಳು. ಅಚ್ಚುಕೂಟ ಇಲ್ಲದ ಕಾಲ! ಒಂದೊಂದು ಓಲೆಯನ್ನೂ ಕೈಯಲ್ಲೇ ಬರೆಯಬೇಕಿತ್ತು. 993ರಲ್ಲಿ ರನ್ನನಿಂದ ಅಜಿತಪುರಾಣ ಬರೆಸಿದ್ದೂ ಆಕೆಯೇ. ರನ್ನ ತನ್ನ ಮಗನಿಗೆ ಚಾವುಂಡರಾಯನ ನೆನಪಲ್ಲಿ ರಾಯ ಅಂತ ಹೆಸರಿಟ್ಟ, ಮಗಳಿಗೆ ಅತ್ತಿಮಬ್ಬೆ ಅಂತಲೇ ಇಟ್ಟ. ಒಂದು ಹೆಸರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇಕಾ?

ಆ್ಯಪ್‌ನಲ್ಲಿ ‘ಜನಪ್ರಿಯತೆ’ ಅಂದರೆ ಎಷ್ಟು ಜನ ಹೃದಯದ ಗುರುತು ಒತ್ತಿದ್ದಾರೆ ಅನ್ನೋದು ಅಷ್ಟೇ. ಆ ಹೆಸರಿನವರು ಯಾರಿದ್ದರು, ಏನು ಮಾಡಿದರು ಅನ್ನುವ ಒಂದು ಸಾಲೂ ಇಲ್ಲ. ರಾಜ್ಯ ಸರ್ಕಾರ ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿ ಕೊಡುತ್ತದೆ, ಪಾಠದಲ್ಲೂ ಆಕೆಯ ಕಥೆ ಹೇಳುತ್ತೇವೆ. ಆದರೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದಷ್ಟು ಕಾಲವೂ ಹಾಜರಿ ಕರೆಯುವಾಗ ಈ ಹೆಸರು ನನ್ನ ಬಾಯಿಗೆ ಬರಲೇ ಇಲ್ಲ.

‘ಅತ್ತೆ, ಉದ್ದ ಆಗುತ್ತೆ ಅಲ್ವಾ?’ ಅಂದಳು ಸೊಸೆ. ಎಣಿಸಿ ನೋಡಿ, ನಾಲ್ಕೇ ಅಕ್ಷರ. ತೇಜಸ್ವಿನಿಗೂ ನಾಲ್ಕೇ. ಮನೆಯಲ್ಲಿ ಮಾತು ಇನ್ನೂ ನಡೆದಿದೆ, ನಾನಂತೂ ಬಿಟ್ಟಿಲ್ಲ.

ದುಡ್ಡು ಕಟ್ಟಿದರೆ ‘ಅಪರೂಪದ ಹೆಸರುಗಳು’ ಅಂತ ಬೇರೆ ಪಟ್ಟಿ ತೆರೆಯುತ್ತದೆ. ಕಟ್ಟಿ ನೋಡಿದೆ. ಅದರಲ್ಲೂ ಅಬ್ಬೆ ಹೆಸರು ಒಂದೂ ಇಲ್ಲ. ನಕ್ಷತ್ರದ ಅಕ್ಷರಕ್ಕೆ ಪುಕ್ಕಟೆ ಸಿಗೋದೇ ಸಾಕು, ದುಡ್ಡು ಹಾಕಬೇಡಿ. ಐದಕ್ಕೆ ಎರಡು ಸ್ಟಾರ್.