ಕಾರಿನಿಂದ ಬಿಡಿಸದೇ ಮಡಚುವ ಟ್ರೈಲರ್ ತೆರೆಯುವುದು: ಮೂರು ಬಗೆ, ನನ್ನ ಹೋಲಿಕೆ

ಅರಿಜೋನಾದಿಂದ ಯೂಟಾ ಕಡೆಗೆ ಹೊರಟಿದ್ದೀರಿ. ದಾರಿಯಲ್ಲಿ ಒಂದೇ ರಾತ್ರಿ ತಂಗಬೇಕು. ಕಾರಿನ ಹಿಂದೆ ಇರುವುದು ತೆರೆದರೆ ಮಲಗುವ ಕೋಣೆಯಾಗುವ ಮಡಚುವ ಟ್ರೈಲರ್. ಅದನ್ನು ಕಾರಿನಿಂದ ಬಿಡಿಸಿ ನಿಲ್ಲಿಸಬೇಕಾ, ಇಲ್ಲಾ ಹಿಚ್ಚಿಗೆ, ಅಂದರೆ ಕಾರಿನ ಹಿಂದಿನ ಕೊಂಡಿಗೆ, ಸಿಕ್ಕಿಸಿದ ಹಾಗೇ ತೆರೆದು ಮಲಗಬಹುದಾ? ಇಲ್ಲಿ ಅಮೆರಿಕದಲ್ಲಿ ಮಡಚುವ ಟ್ರೈಲರ್ ಕೊಳ್ಳಬೇಕೆಂದಿರುವ ನಮ್ಮ ಕನ್ನಡದ ಗೆಳೆಯರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಇದನ್ನೇ ಕೇಳುತ್ತಾರೆ. ಮೂರು ಬಗೆಯ ಟ್ರೈಲರ್‌ಗಳಲ್ಲಿ ಎರಡೂ ರೀತಿ ಮಾಡಿ ನೋಡಿದ್ದೇನೆ. ಬಾಡಿಗೆಗೆ ತಂದಿದ್ದ ಬಟ್ಟೆಗೋಡೆಯ ಪಾಪ್‌ಅಪ್, ನಮ್ಮದೇ ಆಲೈನರ್ ಎ-ಫ್ರೇಮ್, ಮತ್ತೆ ಗೆಳೆಯನ ಟ್ರೈಲ್‌ಮ್ಯಾನರ್ 2720.

ಮೂರರಲ್ಲೂ ಆಗುತ್ತದೆ. ಲಾಭ ಮಾತ್ರ ಒಂದೊಂದರಲ್ಲಿ ಒಂದೊಂದು ಥರ.

ಎಲ್ಲರೂ ಸಂಜೆಯ ಸಮಯ ಉಳಿಯುತ್ತದೆ ಅಂದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಉಳಿಯುವುದು ಬೆಳಗಿನದು. ಸಂಜೆ ಬಿಡಿಸುವುದೇನು ದೊಡ್ಡ ಕೆಲಸವಲ್ಲ. ಚಕ್ರಕ್ಕೆ ಅಡ್ಡಕಟ್ಟೆ ಕೊಡಿ, ಕಪ್ಲರಿನ (ಹಿಚ್ಚಿನ ಗುಂಡಿನ ಮೇಲೆ ಕೂರುವ ಟ್ರೈಲರಿನ ಬಾಯಿ) ಚಿಲಕ ತೆಗೆಯಿರಿ, ಸರಪಳಿ, ವೈರು ಕಳಚಿ, ಜಾಕ್ ತಿರುಗಿಸಿ ಟ್ರೈಲರಿನ ಮೂಗನ್ನು, ಅಂದರೆ ಮುಂತುದಿಯನ್ನು, ಮೇಲೆತ್ತಿ, ಕಾರು ಮುಂದೆ ತೆಗೆಯಿರಿ. ಅಷ್ಟೇ. ಬೆಳಿಗ್ಗೆ ಇದನ್ನೇ ಹಿಂದುಮುಂದಾಗಿ ಮಾಡಬೇಕಲ್ಲ, ಅಲ್ಲಿದೆ ತಮಾಷೆ. ಎರಡಿಂಚಿನ ಗುಂಡು ಸರಿಯಾಗಿ ಕಪ್ಲರಿನ ಕೆಳಗೇ ಬರುವ ಹಾಗೆ ಕಾರನ್ನು ರಿವರ್ಸ್ ತರಬೇಕು. ನನ್ನ ಹೆಂಡತಿ ಹಿಂದೆ ನಿಂತು ನಮ್ಮೂರಿನ ಬಸ್ ಕಂಡಕ್ಟರ್ ಥರ "ಬರ್ಲಿ, ಬರ್ಲಿ, ಹೋಲ್ಡಾನ್" ಅನ್ನುತ್ತಾಳೆ. ಕ್ಯಾಮೆರಾ ಇದ್ದರೂ ಕೊನೆಯ ಅರ್ಧ ಇಂಚಿಗೆ ಇಳಿದು ಹತ್ತಿ ಮಾಡಬೇಕು. ಗುಂಡು ಕೂತರೂ ಚಿಲಕ ಬೀಳುವುದಿಲ್ಲ, ಕಾರನ್ನು ಒಂಚೂರು ಹಿಂದೆಮುಂದೆ ಮಾಡಬೇಕು. ಮತ್ತೆ ಸರಪಳಿ ಅಡ್ಡಡ್ಡ ಹಾಕಿ, ದಾರಿಯಲ್ಲಿ ಟ್ರೈಲರ್ ಕಳಚಿಕೊಂಡರೆ ಅದರ ಬ್ರೇಕ್ ಹಾಕುವ ಬ್ರೇಕ್‌ಅವೇ ತಂತಿ ಸಿಕ್ಕಿಸಿ, ಲೈಟು ಉರಿಯುತ್ತವಾ ನೋಡಿ ಹೊರಡಬೇಕು. ಬಿಡಿಸದೇ ಮಲಗಿದ್ದರೆ ಇದರಲ್ಲಿ ಹೆಚ್ಚಿನದು ಇರುವುದೇ ಇಲ್ಲ. ಅಡ್ಡಕಟ್ಟೆ ತೆಗೆದು, ಜಾಕ್ ಎತ್ತಿ, ವೈರು ಸಿಕ್ಕಿಸಿ, ಒಮ್ಮೆ ಸುತ್ತು ಹಾಕಿ ನೋಡಿದರೆ ಸಾಕು.

ಕಳೆದುಕೊಳ್ಳುವುದು ಒಂದೇ, ಆದರೆ ದೊಡ್ಡದು. ಮಟ್ಟ. ಎಡಬಲದ ಮಟ್ಟಕ್ಕೆ ಏನೂ ತೊಂದರೆಯಿಲ್ಲ. ತಗ್ಗಿನ ಕಡೆಯ ಚಕ್ರದ ಕೆಳಗೆ ಪ್ಲಾಸ್ಟಿಕ್ ಬ್ಲಾಕ್‌ಗಳನ್ನಿಟ್ಟು ಕಾರಿನಿಂದಲೇ ಎಳೆದು ಹತ್ತಿಸುತ್ತೇವೆ. ಹಿಂದೆಮುಂದಿನ ಮಟ್ಟ ಮಾತ್ರ ಮೂಗಿನ ಜಾಕ್‌ನಿಂದಲೇ ಆಗಬೇಕು. ಕಾರಿಗೆ ಸಿಕ್ಕಿಸಿದ್ದಾಗ ಗುಂಡಿನ ಎತ್ತರವೇ ಮೂಗಿನ ಎತ್ತರ. ಜಾಕ್ ತಿರುಗಿಸಿದರೆ ಕಾರಿನ ಹಿಂಭಾಗವೂ ಜೊತೆಗೆ ಏಳುತ್ತದೆ. ಒಂದಿಂಚು ಎರಡಿಂಚು ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಎತ್ತಲು ಹೋಗಬೇಡಿ. ಆ ಜಾಕ್ ಕಾರನ್ನು ಎತ್ತುವುದಕ್ಕೆ ಮಾಡಿದ್ದಲ್ಲ.

ಮೂಗು ತಗ್ಗಾಗಿ ನಿಂತ ಟ್ರೈಲರಿನಲ್ಲಿ ದೋಸೆ ಹುಯ್ದು ನೋಡಿ. ಕಾವಲಿಯ ಮೇಲೆ ಹಿಟ್ಟು ಒಂದೇ ಕಡೆ ಜಾರಿ, ಆ ಕಡೆ ಸೆಟ್ ದೋಸೆಯಷ್ಟು ದಪ್ಪ, ಈ ಕಡೆ ಪೇಪರ್. ಎಣ್ಣೆಯೆಲ್ಲ ಒಂದು ಮೂಲೆಗೆ. ಅದನ್ನು ನಗುತ್ತಾ ತಿನ್ನಬಹುದು, ಫ್ರಿಜ್ ವಿಷಯ ಹಾಗಲ್ಲ. ಗ್ಯಾಸ್‌ನಲ್ಲೂ ಓಡುವ ಅಬ್ಸಾರ್ಪ್ಷನ್ ಫ್ರಿಜ್‌ಗೆ ಮಟ್ಟ ಬೇಕೇಬೇಕು. ಸಾಮಾನ್ಯವಾಗಿ ಫ್ರಿಜ್‌ನ ಎದುರು ನಿಂತು ನೋಡಿದಾಗ ಎಡಬಲಕ್ಕೆ 3 ಡಿಗ್ರಿ, ಹಿಂದೆಮುಂದೆ 6 ಡಿಗ್ರಿವರೆಗೆ ವಾಲಿದರೆ ತಡೆದುಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಒಳಗಿನ ದ್ರವ ಸರಿಯಾಗಿ ಹರಿಯದೆ ತಂಪು ನಿಲ್ಲುತ್ತದೆ, ಹಾಗೇ ಓಡಿಸುತ್ತಿದ್ದರೆ ಫ್ರಿಜ್ಜೇ ಕೆಡುತ್ತದೆ. ಒಳಗಿನ ಮೊಸರಿನ ಕಥೆ ಬಿಡಿ.

ಈಗ ಒಂದೊಂದಾಗಿ. ಪಾಪ್‌ಅಪ್‌ನಲ್ಲಿ ಹ್ಯಾಂಡಲ್ ತಿರುಗಿಸಿದರೆ ಚಾವಣಿ ಏಳುತ್ತದೆ. ಆಮೇಲೆ ಹಿಂದೊಂದು ಮುಂದೊಂದು ಹಾಸಿಗೆ ಡ್ರಾಯರಿನ ಹಾಗೆ ಹೊರಗೆ ಬರುತ್ತದೆ. ಮುಂದಿನದು ಬರುವುದು ಸೀದಾ ಹಿಚ್ಚಿನ ಮೇಲೆ, ಕಾರಿನ ಕಡೆಗೆ. ನಮ್ಮ ಎಸ್‌ಯುವಿಯ ಹಿಂಬಾಗಿಲು ತೆರೆಯಲು ಜಾಗವೇ ಉಳಿಯಲಿಲ್ಲ. ಹಿಂಬಾಗಿಲಿಗೆ ಸ್ಟೆಪ್ನಿ ನೇತುಹಾಕಿದ ಗಾಡಿಯಾದರೆ ಇನ್ನೂ ಕಷ್ಟ. ಕಾರು ಸ್ವಲ್ಪ ಸೊಟ್ಟಗೆ ನಿಂತಿದ್ದರೂ ಹಾಸಿಗೆಯ ಮೂಲೆ ಟೈಲ್‌ಲೈಟಿಗೆ ತಾಗುತ್ತದೆ. ಒಂದು ಒಳ್ಳೆಯದೂ ಇದೆ. ಬಿಡಿಸಿದ ಪಾಪ್‌ಅಪ್‌ನಲ್ಲಿ ಮೂಲೆಯ ಸ್ಟೆಬಿಲೈಜರ್ (ಅಲುಗದಂತೆ ಆನಿಸುವ ಕಾಲು) ಇಳಿಸದೇ ಯಾರಾದರೂ ಹಿಂದಿನ ಹಾಸಿಗೆ ಹತ್ತಿದರೆ ಮೂಗು ಮೇಲೆದ್ದುಬಿಡುತ್ತದೆ. ಮಕ್ಕಳಿರುವ ಮನೆಯಲ್ಲಿ ಇದು ಸುಮ್ನೆ ಹೇಳುವ ಮಾತಲ್ಲ. ಕಾರಿಗೆ ಸಿಕ್ಕಿಸಿದ್ದರೆ ಆ ಭಯ ಕಡಿಮೆ. ಹಾಗಂತ ಸ್ಟೆಬಿಲೈಜರ್ ಬಿಡಬೇಡಿ.

ಆದರೂ ಪಾಪ್‌ಅಪ್‌ಗೆ ಇದು ಲಾಭವಿಲ್ಲ ಅನ್ನುತ್ತೇನೆ. ಬಟ್ಟೆ ಎಳೆದು ಸಿಕ್ಕಿಸುವುದು, ಹಾಸಿಗೆಗೆ ಕೋಲು ಆನಿಸುವುದು, ಬಾಗಿಲು ಕೂರಿಸುವುದು, ಬೆಳಿಗ್ಗೆ ಇಬ್ಬನಿಗೆ ನೆಂದ ಬಟ್ಟೆಯನ್ನು ಒಳಗೆ ತುರುಕುವುದು, ಇಷ್ಟರ ಮುಂದೆ ಹಿಚ್ಚಿನ ಕೆಲಸ ಯಾವ ಲೆಕ್ಕ?

ಆಲೈನರ್ ಇದಕ್ಕೆ ಪೂರಾ ಉಲ್ಟಾ. ಚಾವಣಿಯ ಎರಡು ಹಲಗೆ ಮೇಲಕ್ಕೆತ್ತಿ, ಒಳಗೆ ಹೋಗಿ ಎರಡು ಬದಿಯ ತ್ರಿಕೋನ ಗೋಡೆ ನಿಲ್ಲಿಸಿ ಚಿಲಕ ಹಾಕಿದರೆ ಮುಗಿಯಿತು. ಹಿಚ್ಚಿನ ಕಡೆ ಏನೂ ಚಾಚುವುದಿಲ್ಲ. ಹಿಂಬಾಗಿಲು ಎಂದಿನ ಹಾಗೇ ತೆರೆಯುತ್ತದೆ, ಕಾರು ಸೊಟ್ಟಗಿದ್ದರೂ ನಡೆಯುತ್ತದೆ. ಗಾಳಿಗೆ ಮಾತ್ರ ಹೆದರಬೇಕು. ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಸುತ್ತ ವಸಂತದಲ್ಲಿ ಮಧ್ಯಾಹ್ನದ ಗಾಳಿ ಜೋರು, ಅರ್ಧ ಎತ್ತಿದ ಹಲಗೆ ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ ಎಳೆಯುತ್ತದೆ. ಇಲ್ಲೂ ಸಿಕ್ಕಿಸಿದ ಹಾಗೇ ಇರುವುದು ಅನುಕೂಲ. ಗಾಳಿ ಯಾವ ಕಡೆಯಿಂದ ಅಂತ ನೋಡಿ, ಕಾರಿನಲ್ಲೇ ಟ್ರೈಲರನ್ನು ಸ್ವಲ್ಪ ತಿರುಗಿಸಿ ನಿಲ್ಲಿಸಿ ಆಮೇಲೆ ಎತ್ತಬಹುದು.

ಟ್ರೈಲ್‌ಮ್ಯಾನರ್‌ಗೆ ಗಟ್ಟಿ ಗೋಡೆ, ಗಟ್ಟಿ ಚಾವಣಿ. ಮಡಚಿದಾಗ ಒಂದು ಚಿಪ್ಪು ಇನ್ನೊಂದರೊಳಗೆ ಕೂರುತ್ತದೆ. ನೋಡಿದರೆ ಭಾರ ಅನ್ನಿಸುತ್ತದೆ, ಆದರೆ ಟಾರ್ಷನ್ ಬಾರ್‌ಗಳು (ತಿರುಚಿದಾಗ ಸ್ಪ್ರಿಂಗಿನಂತೆ ಒತ್ತುವ ಕಂಬಿಗಳು) ತೂಕ ಹೊರುವುದರಿಂದ ಒಬ್ಬರೇ ಎತ್ತಬಹುದು. 2720 ಅನ್ನುವ ನಂಬರಿನಲ್ಲೇ ವಿಷಯ ಇದೆ: ತೆರೆದಾಗ 27 ಅಡಿ, ಮಡಚಿದಾಗ 20. ಈ ಉದ್ದ ಮುಂದಕ್ಕೂ ಹಿಂದಕ್ಕೂ ಬೆಳೆಯುತ್ತದೆ. ಹಾಗಾಗಿ ಪಾಪ್‌ಅಪ್‌ನ ತಾಪತ್ರಯ ಇಲ್ಲೂ ಇದೆ, ಕಾರು ನೇರವಾಗಿಯೇ ನಿಂತಿರಬೇಕು. ಕೂಲರ್, ಬಟ್ಟೆಬ್ಯಾಗು ಎಲ್ಲ ಮೊದಲೇ ಹೊರಗೆ ತೆಗೆದಿಟ್ಟುಕೊಳ್ಳಿ. 27 ಅಡಿಗೆ ಕಾರಿನ 16 ಅಡಿ ಸೇರಿಸಿ, 43 ಆಯಿತು. ಗಿಡ್ಡ ಕ್ಯಾಂಪ್ ಸೈಟುಗಳಲ್ಲಿ ಕಾರಿನ ಮೂತಿ ರಸ್ತೆಗೆ ಬರುತ್ತದೆ. ಜಾಗ ಸಿಕ್ಕರೆ ಮಾತ್ರ ಬೆಳಗಿನ ಉಳಿತಾಯ ಇದರಲ್ಲೇ ಜಾಸ್ತಿ, ಯಾಕೆಂದರೆ ಮೂರರಲ್ಲಿ ಇದೇ ಭಾರದ್ದು, ಮತ್ತೆ ಸಿಕ್ಕಿಸಲು ಇದೇ ಹೆಚ್ಚು ಸತಾಯಿಸುತ್ತದೆ.

ನನ್ನನ್ನು ಕೇಳಿದರೆ ಆಲೈನರ್ ಮೊದಲು, ಟ್ರೈಲ್‌ಮ್ಯಾನರ್ ಹತ್ತಿರದ ಎರಡನೆಯದು, ಪಾಪ್‌ಅಪ್ ದೂರದ ಮೂರನೆಯದು. ಬಟ್ಟೆಗೋಡೆಯವರಿಗೆ ಇನ್ನೊಂದು ತೊಡಕೂ ಇದೆ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕಿನಲ್ಲಿ ಕರಡಿಗಳ ಕಾರಣಕ್ಕೆ ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಜಾಗ.

ಯಾವುದೇ ಟ್ರೈಲರ್ ಆಗಲಿ, ಕಾರಿಗೆ ಸಿಕ್ಕಿಸಿದ್ದೇವಲ್ಲ ಅಂತ ಚಕ್ರಕ್ಕೆ ಅಡ್ಡಕಟ್ಟೆ ಕೊಡದೇ ಇರಬೇಡಿ. ಹ್ಯಾಂಡ್‌ಬ್ರೇಕೂ ಹಾಕಿ. ಜಾಕನ್ನು ನೆಲಕ್ಕೆ ತಾಗುವಷ್ಟು ಇಳಿಸಿ, ಇಲ್ಲದಿದ್ದರೆ ರಾತ್ರಿ ಒಬ್ಬರು ಮಗ್ಗುಲು ಬದಲಿಸಿದರೆ ಎಲ್ಲರೂ ಎದ್ದೇಳುತ್ತಾರೆ. ಕಾರಿನಿಂದ ಟ್ರೈಲರಿಗೆ ಕರೆಂಟ್ ಕೊಡುವ ಏಳು ಪಿನ್ನಿನ ಪ್ಲಗ್ ಮಾತ್ರ ಕಿತ್ತಿಡಿ. ಕೆಲವು ಕಾರುಗಳಲ್ಲಿ ಎಂಜಿನ್ ಆಫ್ ಆದರೂ ಆ ವೈರಿನಲ್ಲಿ ಕರೆಂಟ್ ಇರುತ್ತದೆ. ಫ್ರಿಜ್ 12 ವೋಲ್ಟಿನಲ್ಲೇ ಉಳಿದಿದ್ದರೆ ಬೆಳಗಾಗುವಷ್ಟರಲ್ಲಿ ಕಾರಿನ ಬ್ಯಾಟರಿ ಖಾಲಿ. ಅಂಗಡಿಗಳ ಪಾರ್ಕಿಂಗ್ ಲಾಟಿನಲ್ಲಿ ರಾತ್ರಿ ಮಲಗಲು ಬಿಡುವ ಕಡೆಗಳಲ್ಲೂ ಜಾಕ್ ಇಳಿಸಿ, ಹಾಸಿಗೆ ಹೊರಗೆ ಚಾಚಿ ಬಿಡಾರ ಹೂಡುವುದು ಮರ್ಯಾದೆಯಲ್ಲ. ಆಲೈನರ್ ಅಲ್ಲಿ ಹೇಗೋ ನಡೆದೀತು, ಉಳಿದೆರಡು ಬೇಡ.

ಎರಡು ರಾತ್ರಿಗಿಂತ ಹೆಚ್ಚು ಇರುವುದಾದರೆ ನಾವು ಬಿಡಿಸಿಯೇ ಬಿಡುತ್ತೇವೆ. ಹಾಲು ತರಲೂ ಕಾರು ಬೇಕಲ್ಲ. ಗ್ರ್ಯಾಂಡ್ ಕ್ಯಾನಿಯನ್ ಸೌತ್ ರಿಮ್‌ನ ಟ್ರೈಲರ್ ವಿಲೇಜ್ ಅನ್ನುವ ಕ್ಯಾಂಪ್ ಜಾಗ ಮಾತ್ರ ಬೇರೆ. ಅಲ್ಲಿ ಒಂದು ಕಡೆಯಿಂದ ಒಳಗೆ ಬಂದು ಇನ್ನೊಂದು ಕಡೆಯಿಂದ ಹೊರಗೆ ಹೋಗುವ, 50 ಅಡಿವರೆಗಿನ ಡಾಂಬರು ಸೈಟುಗಳಿವೆ. ಓಡಾಡಲು ಪಾರ್ಕಿನವರದೇ ಪುಕ್ಕಟೆ ಶಟಲ್ ಬಸ್ಸು ಇದೆ. ಎಷ್ಟು ದಿನ ಇದ್ದರೂ ಕಾರಿನ ಕೀಲಿ ಮುಟ್ಟುವ ಕೆಲಸವಿಲ್ಲ.