ತುಳಸಿ ಸಾರ: ನೀರಿನಲ್ಲಿ ತೆಗೆಯುವುದೋ, ಎಥನಾಲ್‌ನಲ್ಲೋ?

ಮಣ್ಣಿನಿಂದ ಬೇರ್ಪಡಿಸಿದ ಬ್ಯಾಸಿಲಸ್ ಬ್ಯಾಕ್ಟೀರಿಯಾದ ಮೇಲೆ ತುಳಸಿ ಸಾರ ಪರೀಕ್ಷಿಸುವವರು ಮೊದಲು ದ್ರಾವಕವನ್ನು ಆರಿಸಿಕೊಳ್ಳಬೇಕು. ಎರಡಕ್ಕೂ ಆರಂಭ ಒಂದೇ: ನೆರಳಲ್ಲಿ ಒಣಗಿಸಿದ ಎಲೆಯ ಪುಡಿ 10 ಗ್ರಾಂ, ದ್ರಾವಕ 100 ಮಿ.ಲೀ., 24 ಗಂಟೆ ಅಲುಗಾಡಿಸಿ ಸೋಸುವುದು.

ನೀರು ಅಗ್ಗ, ಸುರಕ್ಷಿತ. ಆದರೆ ತುಳಸಿಯ ಮುಖ್ಯ ಅಸ್ತ್ರವಾದ ಯೂಜಿನಾಲ್ ಎಂಬ ಎಣ್ಣೆಯಂಥ ಅಂಶ ನೀರಿನಲ್ಲಿ ಅಷ್ಟಾಗಿ ಕರಗದು. ಕುದಿಸಿದರೆ ಹಬೆಯ ಜೊತೆ ಹಾರಿಹೋಗುತ್ತದೆ. ಇನ್ನೊಂದು ತೊಡಕು, ಎಲೆಯ ಮೇಲೇ ಬ್ಯಾಸಿಲಸ್ ಬೀಜಕಗಳು (ಬ್ಯಾಕ್ಟೀರಿಯಾದ ಗಟ್ಟಿ ಸುಪ್ತರೂಪ) ಇರುತ್ತವೆ, ಅವು ಕುದಿತವನ್ನೂ ತಾಳಿಕೊಳ್ಳುತ್ತವೆ. 0.22 ಮೈಕ್ರಾನ್ ಫಿಲ್ಟರ್ ದಾಟಿಸದಿದ್ದರೆ ನಿಮ್ಮ ಸಾರವೇ ಪರೀಕ್ಷೆಯ ಅಗಾರ್ (ಪೋಷಕ ಜೆಲ್ಲಿ) ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸೀತು!

70% ಎಥನಾಲ್ ಯೂಜಿನಾಲ್ ಜೊತೆಗೆ ಫೀನಾಲಿಕ್ ಅಂಶಗಳನ್ನೂ ಸೆಳೆಯುತ್ತದೆ. ಅಪಾಯ ಎಥನಾಲ್‌ನಲ್ಲೇ ಇದೆ: ಉಳಿದ ಮದ್ಯಸಾರ ತಾನೇ ಬ್ಯಾಕ್ಟೀರಿಯಾ ಕೊಂದು ಸುಳ್ಳು ವಲಯ (ಸಾರ ತುಂಬಿದ ಕುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ) ತೋರಿಸುತ್ತದೆ. 40 ಡಿಗ್ರಿ ಮೀರದಂತೆ ಆವಿಯಾಗಿಸಿ, ಉಳಿದ ಅಂಟನ್ನು 10% ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ. ಸಾರವಿಲ್ಲದ, ಅದೇ 10% ಡಿಎಂಎಸ್‌ಒ ಮಾತ್ರ ತುಂಬಿದ ಒಂದು ಕುಳಿಯನ್ನು ಪ್ರತಿ ತಟ್ಟೆಯಲ್ಲೂ ಇಡಲೇಬೇಕು. ಇದಿಲ್ಲದ ಫಲಿತಾಂಶವನ್ನು ನಂಬಬೇಡಿ.

ಅಗಾರ್ 4 ಮಿ.ಮೀ. ದಪ್ಪ, ಕುಳಿ 6 ಮಿ.ಮೀ. ಅಗಲ, ಸಾರ 50 ಮೈಕ್ರೋಲೀಟರ್. ವಲಯ ದೊಡ್ಡದೆಂದು ಆ ಸಾರವೇ ಬಲಶಾಲಿ ಎನ್ನಲಾಗದು. ನೀರಿನಲ್ಲಿ ಕರಗುವ ಅಂಶ ಅಗಾರ್‌ನಲ್ಲಿ ಸಲೀಸಾಗಿ ಹರಡುತ್ತದೆ, ಎಣ್ಣೆಯಂಥದ್ದು ಕುಳಿಯ ಅಂಚಲ್ಲೇ ನಿಲ್ಲುತ್ತದೆ. ಹೊರಪೊರೆಯಿರುವ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಅಂತೂ ಸಾಮಾನ್ಯವಾಗಿ ಎರಡಕ್ಕೂ ಸುಲಭಕ್ಕೆ ಬಗ್ಗುವುದಿಲ್ಲ.

ಹೊಲಕ್ಕೆ ಸಿಂಪಡಿಸುವ ಗುರಿಯಿದ್ದರೆ ನೀರಿನ ಸಾರವನ್ನೇ ಪರೀಕ್ಷಿಸಿ, ರೈತ ಬಳಸುವುದು ಅದನ್ನೇ. ಸಕ್ರಿಯ ಅಂಶ ಹುಡುಕುವುದಿದ್ದರೆ ಎಥನಾಲ್ ಹಿಡಿಯಿರಿ, ಕನಿಷ್ಠ ತಡೆ ಪ್ರಮಾಣವನ್ನೂ (ಬೆಳವಣಿಗೆ ನಿಲ್ಲಿಸುವ ಅತಿ ಕಡಿಮೆ ಸಾಂದ್ರತೆ) ಅಳೆಯಿರಿ. ಈ ಅಳತೆಯಲ್ಲಿ ಬ್ಯಾಕ್ಟೀರಿಯಾ ಬೆಳೆದು ದ್ರವ ಮಂಕಾದದ್ದು ಸಾರದ ಹಸಿರು ಬಣ್ಣದಲ್ಲಿ ಕಾಣದು. ರೆಸಜುರಿನ್ ಎಂಬ ನೀಲಿ ಬಣ್ಣದ್ರವ್ಯ ಹಾಕಿದರೆ ಬೆಳವಣಿಗೆಯಿರುವಲ್ಲಿ ಅದು ಗುಲಾಬಿಯಾಗುತ್ತದೆ.