ಮಳೆಗಾಲದ ತೋಟದ ದಾರಿಗೆ ಯಾವ ಪೆಡಲ್? ನಾಲ್ಕನ್ನು ತುಳಿದು ನೋಡಿದೆ

ಸುಂಟಿಕೊಪ್ಪದ ಹತ್ತಿರ ಕಾಫಿ ತೋಟವೊಂದರಲ್ಲಿ ನಾನು ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವವ. ಬೆಳಿಗ್ಗೆ ಹಾಜರಿ ಹಾಕಿ, ಆಮೇಲೆ ಕೆಲಸ ನಡೆಯುವ ಬ್ಲಾಕುಗಳಿಗೆಲ್ಲ ಸೈಕಲ್ಲಿನಲ್ಲೇ ಸುತ್ತುತ್ತೇನೆ. ಭಾನುವಾರ ಪುರುಸೊತ್ತಾದರೆ ಬೋಯಿಕೇರಿ ದಾಟಿ ಮಡಿಕೇರಿವರೆಗೂ ಏರು ಹತ್ತುವುದುಂಟು. ಕಳೆದ ಜೂನ್‌ನಲ್ಲಿ, ಕಾಫಿ ಕಣದ ಪಕ್ಕದ ಇಳಿಜಾರಿನಲ್ಲಿ ಬಲಗಾಲು ಪೆಡಲಿನಿಂದ ಜಾರಿತು. ಪೆಡಲ್ ಗಿರ್ರನೆ ತಿರುಗಿ ಬಂದು ಮೊಣಕಾಲಿನ ಕೆಳಗೆ ಮೂಳೆಗೇ ಬಡಿಯಿತು. ಕಣ್ಣು ಕತ್ತಲೆ ಬಂತು. ಮೂರು ದಿನ ಕುಂಟಿದೆ. ಬ್ರೇಕು, ಟಯರು ಅಂತ ಅಷ್ಟು ನೋಡಿಕೊಳ್ಳುವ ನಾನು ಕಾಲು ಇಡುವ ಜಾಗವನ್ನು ಅದುವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ.

ಶೂವನ್ನೇ ಪೆಡಲಿಗೆ ಸಿಕ್ಕಿಸುವ ಬಗೆ ನನಗೆ ಆಗುವುದಿಲ್ಲ. ಇನ್ನೂರು ಮೀಟರಿಗೊಮ್ಮೆ ಇಳಿಯಬೇಕು, ಕಾಲಲ್ಲಿ ಅರ್ಧ ದಿನ ಗಂಬೂಟು. ಹಾಗಾಗಿ ಚಪ್ಪಟೆ ಪೆಡಲೇ ಬೇಕು, ಅದೂ ಒದ್ದೆಯಲ್ಲಿ ಹಿಡಿಯುವಂಥದ್ದು, ಒಂದೂವರೆ ಸಾವಿರದ ಒಳಗೆ. ಜೂನ್ ಕೊನೆಯಿಂದ ಕಕ್ಕಡ (ಕೊಡಗಿನ ಜಡಿಮಳೆಯ ತಿಂಗಳು) ಮುಗಿಯುವ ಆಗಸ್ಟ್ ನಡುವಿನವರೆಗೆ ನಾಲ್ಕು ಜೋಡಿ ಹಾಕಿ ನೋಡಿದೆ. ಸೈಕಲ್ಲಿನ ಜೊತೆ ಬಂದ ಪ್ಲಾಸ್ಟಿಕ್ ಪೆಡಲ್. 450 ರೂಪಾಯಿಗೆ ತಂದ ಅಲ್ಯೂಮಿನಿಯಂ ಎರಕದ್ದು. 1,250 ಕೊಟ್ಟ, ಸ್ಟೀಲ್ ಪಿನ್ ಇರುವ ನೈಲಾನ್ ಪೆಡಲ್. ಇನ್ನು ಕುಶಾಲನಗರದ ಭಾವನಿಂದ ಎರವಲು ತಂದ, ಅವರು 2,600 ಕೊಟ್ಟಿದ್ದ ಅಗಲದ ಅಲ್ಯೂಮಿನಿಯಂ ಪೆಡಲ್.

ಒಂದೊಂದನ್ನೇ ಹಾಕಿ ಓಡಿಸಿದರೆ ಹಿಂದಿನದರ ನೆನಪು ಮಸುಕಾಗುತ್ತದೆ. ಅದಕ್ಕೆ ಎಡಕ್ಕೆ ಒಂದು ಬಗೆ, ಬಲಕ್ಕೆ ಇನ್ನೊಂದು ಬಗೆ ಹಾಕಿದೆ. ಅದೇ ಮಳೆ, ಅದೇ ಕೆಸರು, ಅದೇ ಗುಂಡಿಯಲ್ಲಿ ಎರಡು ಕಾಲೂ ಬೇರೆಬೇರೆ ಕಥೆ ಹೇಳುತ್ತವೆ. ವಾರದ ನಂತರ ಅದಲು ಬದಲು. ನನ್ನ ಬಲಗಾಲೇ ಬಲವಾದದ್ದು, ಅದಕ್ಕೆ ಹೊಂದಿಕೊಂಡ ಪೆಡಲ್ ಎಡಗಾಲಿಗೂ ಹೊಂದಬೇಕಲ್ಲ. ಒಂದು ಪೆಡಲ್ ದಪ್ಪ, ಇನ್ನೊಂದು ತೆಳು ಇದ್ದಾಗ ಮೊದಲ ದಿನ ಒಂದು ಕಾಲು ಗಿಡ್ಡವಾದ ಹಾಗೆ ಅನಿಸಿತು, ಮರುದಿನ ಮರೆತೇ ಹೋಯಿತು.

ಜೊತೆಗೆ ಬಂದ ಪ್ಲಾಸ್ಟಿಕ್ಕಿನ ಬಗ್ಗೆ ಹೇಳುವುದು ಕಡಿಮೆ. ಬೇಸಿಗೆಯಲ್ಲಿ ಪೇಟೆಗೆ ಹೋಗಿ ಬರಲು ಅಡ್ಡಿಯಿಲ್ಲ. ಒದ್ದೆಯಾದರೆ ಸೋಪು. ಅದರ ಮೇಲಿರುವ ಗುಬುಟುಗಳು ಅಚ್ಚಿನಲ್ಲೇ ಬಂದವು, ಒಂದು ವರ್ಷಕ್ಕೆ ಸವೆದು ನುಣ್ಣಗಾಗಿದ್ದವು.

ನನಗೆ ಮೋಸವಾಗಿದ್ದು ಎರಡನೆಯದರಲ್ಲಿ. ಲೋಹ ಅಂದರೆ ಹಿಡಿತ ಅಂದುಕೊಂಡಿದ್ದೆ. ಅಂಗಡಿಯಲ್ಲಿ ಕೈಯಲ್ಲಿ ಹಿಡಿದಾಗ ಭಾರವಾಗಿ, ಗಟ್ಟಿಯಾಗಿ ಕಂಡಿತು. ಆದರೆ ಇದರಲ್ಲೂ ಹಲ್ಲುಗಳು ಎರಕದಲ್ಲೇ ಮೂಡಿದವು, ತುದಿ ಗುಂಡಗೆ, ಎತ್ತರ ಎರಡು ಮಿಲಿಮೀಟರ್ ಇದ್ದರೆ ಹೆಚ್ಚು. ನಡುಭಾಗದಲ್ಲಿ ಆಕ್ಸೆಲ್ ಇರುವ ಕಡೆ ಉಬ್ಬಿದೆ. ಪಾದ ಆ ಉಬ್ಬಿನ ಮೇಲೆ ಕೂರುತ್ತದೆ, ಅಂಚಿನ ಹಲ್ಲುಗಳು ಅಟ್ಟೆಗೆ ತಾಗುವುದೇ ಇಲ್ಲ. ಮಳೆಯಲ್ಲಿ ಗೇಟಿನ ಹತ್ತಿರದ ಕಲ್ಲುಹಾದಿ ಇಳಿಯುವಾಗ ಪಾದ ಪ್ರತಿ ಕುಲುಕಿಗೂ ಒಂದಿಷ್ಟು ಹೊರಕ್ಕೆ ಸರಿಯುತ್ತಿತ್ತು. ಎರಡು ಸಲ ಬೀಳುವುದು ತಪ್ಪಿತು. 450 ಉಳಿಸಿ ಅದಕ್ಕೆ ಇನ್ನಷ್ಟು ಸೇರಿಸಿ ಅಂತಲೇ ಎಲ್ಲರಿಗೂ ಹೇಳುತ್ತೇನೆ.

ನೈಲಾನ್ ಪೆಡಲನ್ನು ಮೊದಲು ಕಂಡಾಗ ಆಟದ ಸಾಮಾನಿನ ಹಾಗಿದೆ ಅನಿಸಿತ್ತು. ಮೆಣಸು ತೂಗುವ ತಕ್ಕಡಿಯಲ್ಲಿಟ್ಟೆ: ಜೋಡಿಗೆ 360 ಗ್ರಾಂ. ಭಾವನದು 430. ಅಡ್ಡ ಹಿಡಿದು ಕಣ್ಣಿನ ಮಟ್ಟಕ್ಕೆ ತಂದರೆ ನಡುಭಾಗ ಅಂಚಿಗಿಂತ ಸ್ವಲ್ಪ ತಗ್ಗು, ತಟ್ಟೆಯ ಹಾಗೆ. ಪ್ರತಿ ಮಗ್ಗುಲಿಗೂ ಎಂಟು ಸ್ಟೀಲ್ ಪಿನ್, ಒಂದೊಂದೂ ಸುಮಾರು ನಾಲ್ಕು ಮಿಲಿಮೀಟರ್ ಮೇಲೆದ್ದಿವೆ. ಕ್ಯಾನ್ವಾಸ್ ಶೂ ಹಾಕಿ ಕಾಲಿಟ್ಟರೆ ಪಾದ ತಗ್ಗಿನಲ್ಲಿ ಕೂತು, ಪಿನ್ನುಗಳು ರಬ್ಬರಿಗೆ ಕಚ್ಚಿಕೊಳ್ಳುತ್ತವೆ. ಜಾಗ ಬದಲಿಸಬೇಕಾದರೆ ಕಾಲನ್ನು ಪೂರ್ತಿ ಎತ್ತಿಯೇ ಇಡಬೇಕು, ಜಾರಿಸಿ ಸರಿಸಲು ಬರುವುದಿಲ್ಲ. ಜುಲೈಯ ಜಡಿಮಳೆಯಲ್ಲಿ, ಪಾಚಿ ಹಿಡಿದ ಸಿಮೆಂಟ್ ದಾರಿಯಲ್ಲಿ ಹಿಂದಿನ ಟಯರ್ ಜಾರಿತೇ ಹೊರತು ನನ್ನ ಕಾಲು ಜಾರಲಿಲ್ಲ. ಆವತ್ತು ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು, "ಇನ್ನು ಕಾಲಿಗೆ ಬಟ್ಟೆ ಕಟ್ಟೋ ಕೆಲಸ ತಪ್ಪಿತು ಬಿಡಿ" ಅಂದಳು.

ಕಲ್ಲು, ಬೇರು ಇರುವ ಕಡೆ ಇನ್ನೊಂದು ವ್ಯತ್ಯಾಸ ಗೊತ್ತಾಯಿತು. ಸಿಲ್ವರ್ ಓಕ್ ಬೇರುಗಳ ಮೇಲೆ ಹೋಗುವಾಗ ಪೆಡಲ್ ಕೆಳಗೆ ತಾಗುವುದು ಸಾಮಾನ್ಯ. ನೈಲಾನ್ ತಾಗಿದರೆ ಸವರಿಕೊಂಡು ಮುಂದೆ ಹೋಗುತ್ತದೆ. ಅಲ್ಯೂಮಿನಿಯಂ ಕಚ್ಚಿ ನಿಲ್ಲುತ್ತದೆ, ಸೈಕಲ್ ಪಕ್ಕಕ್ಕೆ ಎಳೆದಂತಾಗುತ್ತದೆ.

ಹಾಗಂತ ಭಾವನ ಪೆಡಲ್ ಕೆಟ್ಟದ್ದಲ್ಲ. ಅಗಲ 105 ಮಿಲಿಮೀಟರ್, ನೈಲಾನಿನದು 98. ಸುಂಟಿಕೊಪ್ಪದಿಂದ ಮಡಿಕೇರಿಗೆ ಹದಿನೈದು ಕಿಲೋಮೀಟರ್ ಏರು ತುಳಿಯುವಾಗ ಆ ಅಗಲಕ್ಕೆ ಪಾದ ನೋಯುವುದಿಲ್ಲ. ಬೇರಿಂಗ್ ಸೀಲ್ ಆಗಿದೆ, ಬೆರಳಲ್ಲಿ ತಿರುಗಿಸಿದರೆ ರೇಷ್ಮೆಯ ಹಾಗೆ. ಒಣ ಟಾರು ರಸ್ತೆಯಲ್ಲಿ ನಾಲ್ಕರಲ್ಲಿ ಅದೇ ಮೇಲು. ಆದರೆ ಅದರ ಪಿನ್ನುಗಳು ಮೇಲಿನಿಂದ ಅಲೆನ್ ಕೀ ಹಾಕಿ ತಿರುಗಿಸುವಂಥವು. ಎರಡು ಪಿನ್ನಿನ ತೂತು ಕೆಸರು ತುಂಬಿ, ಕಲ್ಲಿಗೆ ಬಡಿದು ಮುಚ್ಚಿಹೋಗಿತ್ತು, ಕೀ ಕೂರುವುದೇ ಇಲ್ಲ. ನೈಲಾನಿನಲ್ಲಿ ಪಿನ್ ಹಿಂಭಾಗದಿಂದ ತೂರಿ ಬರುತ್ತದೆ, ತಿರುಗಿಸುವ ತಲೆ ಇನ್ನೊಂದು ಮಗ್ಗುಲಿನ ಗುಳಿಯೊಳಗೆ ಭದ್ರ. ತುದಿ ಜಜ್ಜಿಹೋದರೂ ಬಿಚ್ಚಬಹುದು. ಕೊಳ್ಳುವಾಗ ಇದೊಂದನ್ನು ತಪ್ಪದೆ ನೋಡಿ.

ನೈಲಾನಿನ ದೋಷವನ್ನೂ ಹೇಳಬೇಕು. ಒಳಗೆ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಕಡೆಗೆ ಬುಷ್, ಅಂದರೆ ಗುಂಡುಗಳಿಲ್ಲದ ಬರೀ ಕೊಳವೆ, ಹೊರತುದಿಗೆ ಮಾತ್ರ ಬೇರಿಂಗ್. ಆರು ವಾರ ಕೆಸರಲ್ಲಿ ಓಡಿಸಿದ ಮೇಲೆ ಎಡಗಡೆಯದು ಸ್ವಲ್ಪ ಅಲ್ಲಾಡತೊಡಗಿತು. ಹೊರತುದಿಯ ಮುಚ್ಚಳ ಬಿಚ್ಚಿ, ನಟ್ ಸಡಿಲಿಸಿ ಆಕ್ಸೆಲ್ ಎಳೆದೆ. ಗ್ರೀಸ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು, ನೀರು ಹೊಕ್ಕಿದ ಗುರುತು. ಒರೆಸಿ ಹೊಸ ಗ್ರೀಸ್ ತುಂಬಿದೆ, ಇಪ್ಪತ್ತು ನಿಮಿಷದ ಕೆಲಸ. ಅಲ್ಲಾಟ ಮುಕ್ಕಾಲು ಪಾಲು ನಿಂತಿತು, ಪೂರ್ತಿ ನಿಂತಿಲ್ಲ.

ಶೂ ಮಾತು ಬಿಟ್ಟರೆ ಈ ಹೋಲಿಕೆ ಅರ್ಧವಾಗುತ್ತದೆ. ಗಂಬೂಟಿನ ಅಡಿಯ ದೊಡ್ಡ ರಬ್ಬರ್ ಉಬ್ಬುಗಳ ನಡುವೆ ಪಿನ್ನು ಸಿಗದೆ ಹೋದರೆ ಎಷ್ಟು ಒಳ್ಳೆ ಪೆಡಲ್ ಇದ್ದರೂ ಪಾದ ತೇಲಿದ ಹಾಗೆ ಇರುತ್ತದೆ. ನಾಲ್ಕರಲ್ಲಿ ನೈಲಾನ್ ಒಂದೇ ಗಂಬೂಟಿಗೂ ಒಂದಿಷ್ಟು ಹಿಡಿಯಿತು. ಅಡಿ ಚಪ್ಪಟೆಯಾದ, ಮೆತ್ತನೆ ರಬ್ಬರಿನ ಸಾಧಾರಣ ಕ್ಯಾನ್ವಾಸ್ ಶೂ ಗಂಬೂಟಿಗಿಂತ ಎಷ್ಟೋ ಪಾಲು ಮೇಲು. ಈಗ ನಾನು ಗಂಬೂಟನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡು ಹೋಗಿ ಬ್ಲಾಕಿನಲ್ಲಿ ಬದಲಿಸುತ್ತೇನೆ. ಜಿಗಣೆ ಒಂದೆರಡು ಹೆಚ್ಚು ಹತ್ತುತ್ತವೆ, ಸರಿ. ಚಪ್ಪಲಿಯಲ್ಲಿ ಮಾತ್ರ ಪಿನ್ ಪೆಡಲ್ ತುಳಿಯಬೇಡಿ. ಕಾಲು ತಪ್ಪಿದರೆ ಬೆರಳು ಸೀಳುತ್ತದೆ. ಪಿನ್ ಇರುವಲ್ಲಿ ಕಾಲಿಗೆ ಗೀರು ಆಗುವುದು ಖಂಡಿತ, ನನಗೂ ಎರಡು ಆಗಿವೆ.

ಹಾಕುವಾಗ ಗೊಂದಲ ಮಾಡಿಕೊಳ್ಳುವುದು ಥ್ರೆಡ್ಡಿನಲ್ಲಿ. ದೊಡ್ಡವರ ಗೇರ್ ಸೈಕಲ್ಲುಗಳಿಗೆ 9/16 ಇಂಚು, ಒಂದೇ ತುಂಡಿನ ಕ್ರ್ಯಾಂಕ್ ಇರುವ ಮಕ್ಕಳ ಸೈಕಲ್ಲಿಗೆ 1/2 ಇಂಚು. ಎಡ ಪೆಡಲಿನ ಥ್ರೆಡ್ ಉಲ್ಟಾ. 15ರ ಸ್ಪ್ಯಾನರನ್ನು ಮೇಲ್ಮುಖವಾಗಿ ಹಿಡಿದು ಮುಂದಿನ ಚಕ್ರದ ಕಡೆಗೆ ತಿರುಗಿಸಿದರೆ ಎರಡೂ ಬದಿ ಬಿಗಿಯಾಗುತ್ತದೆ, ಹಿಂದಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಮೊದಲ ನಾಲ್ಕು ಸುತ್ತು ಕೈಯಲ್ಲೇ ಹಾಕಿ. ಇಲ್ಲಿಯ ಮಳೆಗೆ ಗ್ರೀಸ್ ಹಚ್ಚದೆ ಹಾಕಿದ ಪೆಡಲ್ ತುಕ್ಕು ಹಿಡಿದು ಕ್ರ್ಯಾಂಕಿಗೇ ಅಂಟಿಕೊಳ್ಳುತ್ತದೆ.

ಆಗಸ್ಟ್ ಕೊನೆಗೆ ಭಾವನಿಗೆ ಅವರ ಪೆಡಲ್ ವಾಪಸ್ ಕೊಡಲು ಹೋದೆ. "ಭಾವ, ಒಂದು ಜೋಡಿ ನೈಲಾನ್ ತರಿಸಲಾ ನಿಮಗೂ?" ಅಂದೆ. "ನಮ್ಮ ಕಡೆ ನಿಮ್ಮಷ್ಟು ಮಳೆ ಎಲ್ಲಿದೆ, ನಾನು ಓಡಿಸೋದು ಟಾರು ರಸ್ತೆ. ನನಗೆ ಇದೇ ಸಾಕು" ಅಂದರು. ಅವರ ಮಟ್ಟಿಗೆ ಅದು ಸರಿಯೇ. ಆ ಎರಡು ಜಜ್ಜಿದ ಪಿನ್ನುಗಳನ್ನು ಅರ ಹಾಕಿ ಉಜ್ಜಿ, ಇಕ್ಕಳದಲ್ಲಿ ಹಿಡಿದು ತೆಗೆಯುವಷ್ಟರಲ್ಲಿ ಸಂಜೆಯ ಕಾಫಿ ಆರಿಹೋಗಿತ್ತು.